ಎರಡನೇ ಕಿವಿ

"ಬಾಯಿ ತೆಗೀರಿ. ಜೋರಾಗಿ ಉಸಿರು ಎಳ್ಕೊಳ್ಳಿ. ಹಾಂ, ಈಗ ಬಿಡಿ."

ಗಿಣಿ ಬಾಯಿ ತೆಗೆದಳು, ಎಳೆದಳು, ಬಿಟ್ಟಳು. ಬಿಡುವಾಗ ಕೊನೆಗೊಂದು ಸೀಟಿ ಸೇರಿಸಿದಳು. ಸಣ್ಣ ಸೀಟಿಯಲ್ಲ. ಮೊಳೆ ಚುಚ್ಚಿದ ಸೈಕಲ್ ಟ್ಯೂಬಿನಿಂದ ಬರುವಂಥದು, ಹೊರಗೆ ಬೆಂಚಿನ ಮೇಲೆ ಕೂತವರೂ ತಲೆಯೆತ್ತಿ ನೋಡುವಂಥದು.

ದೊಡ್ಡ ಡಾಕ್ಟರು ಅವಳ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟುಕೊಂಡೇ ಇದ್ದರು. ಅವರ ರೆಪ್ಪೆ ಕೂಡ ಅಲುಗಲಿಲ್ಲ.

"ಇನ್ನೊಂದ್ಸಲ," ಎಂದರು, ಪ್ರೀತಿಯಿಂದ.

ಗಿಣಿ ಇನ್ನೊಂದು ಸಲ ಸೀಟಿ ಊದಿದಳು. ಈ ಸಲ ರೈಲನ್ನೇ ಬಿಟ್ಟಳು. ಡಾಕ್ಟರು ತೃಪ್ತಿಯಿಂದ ತಲೆಯಾಡಿಸಿ ಸ್ಟೆತಾಸ್ಕೋಪನ್ನು ಕತ್ತಿಗೆ ಹಾಕಿಕೊಂಡರು.

ಕಾಯಿಲೆ ನಟಿಸುವುದೇ ಗಿಣಿಯ ಕೆಲಸ. ಕಾಲೇಜಿನಲ್ಲಿ ಮೇಷ್ಟ್ರುಗಳ ದನಿ ತೆಗೆದು ಕ್ಲಾಸಿನಿಂದ ಹೊರಗೆ ಹಾಕಿಸಿಕೊಳ್ಳುತ್ತಿದ್ದವಳಿಗೆ ಆರೋಗ್ಯ ಇಲಾಖೆಯ ಗುಣಮಟ್ಟ ವಿಭಾಗ ಅದೇ ಚಾಳಿಗೆ ಸಂಬಳ ಕೊಟ್ಟು ಒಳಗೆ ಕರೆದುಕೊಂಡಿತ್ತು. ರೋಗಿಯ ವೇಷದಲ್ಲಿ ಕ್ಲಿನಿಕ್ಕಿಗೆ ಹೋಗಬೇಕು, ಡಾಕ್ಟರು ಹೇಗೆ ನೋಡುತ್ತಾರೆ ಎಂದು ನೋಡಬೇಕು, ಅಂಕ ಕೊಡಬೇಕು. ನಾಟಕದಲ್ಲೂ ಅಂಕ, ವರದಿಯಲ್ಲೂ ಅಂಕ ಎಂದು ಅವಳೇ ನಗುತ್ತಿದ್ದಳು.

ಇವತ್ತು ನಗು ಬರುತ್ತಿರಲಿಲ್ಲ. ಶಾಲೆ ಬಸ್ಸಿನ ಡ್ರೈವರನ ಹೆಂಡತಿ ಇದೇ ಕುರ್ಚಿಯಲ್ಲಿ ಕೂತು, "ಎದೆ ಸ್ವಚ್ಛವಾಗಿದೆ" ಎಂದು ಹೇಳಿಸಿಕೊಂಡು ಮನೆಗೆ ಹೋಗಿದ್ದಳು. ಈಗ ದೊಡ್ಡಾಸ್ಪತ್ರೆಯಲ್ಲಿ, ಎದೆಯಲ್ಲಿ ನೀರು ತುಂಬಿಕೊಂಡು, ಯಂತ್ರದ ಉಸಿರಿನಲ್ಲಿ ಮಲಗಿದ್ದಳು. ಡ್ರೈವರ್ ದೂರು ಕೊಟ್ಟಿದ್ದ. ಅವಳನ್ನು ನೋಡಿದ್ದು ಇಬ್ಬರು ಡಾಕ್ಟರು, ಮಾವ ಮತ್ತು ಸೊಸೆ. ತಪ್ಪು ಯಾರದು?

ಗಿಣಿಯ ಮೇಲಧಿಕಾರಿಗೆ ಅವಸರ. ಎಲ್ಲದಕ್ಕೂ ಅಂಚಿನಲ್ಲೊಂದು ಷರಾ ಬರೆಯುವ ಅಭ್ಯಾಸದಿಂದ ಅವರಿಗೆ ಷರಾ ಸಾಹೇಬರೆಂದೇ ಹೆಸರು. ಬೆಳಿಗ್ಗೆ ಕರೆದು ಹೇಳಿದ್ದರು: "ಸಂಜೆಯೊಳಗೆ ಹೆಸರು ಬೇಕು. ಒಂದೇ ಹೆಸರು. ಎರಡು ಬಂದ್ರೆ ಫೈಲು ದಪ್ಪ ಆಗುತ್ತೆ." ಆ ಹೆಸರಿನವರ ಪರವಾನಗಿ ರದ್ದು. ತಪ್ಪು ಹೆಸರು ಕೊಟ್ಟರೆ, ತಪ್ಪು ಮಾಡಿದವರು ನಾಳೆಯೂ ಬಾಗಿಲು ತೆಗೆದು ಮುಂದಿನ ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಡುತ್ತಾರೆ.

"ಬೆನ್ನು ಈ ಕಡೆ ಮಾಡಿ ಕೂತ್ಕೊಳ್ಳಮ್ಮ. ಒಂದು, ಎರಡು ಅಂತ ಎಣಿಸ್ತಾ ಹೋಗಿ."

ಅವಳು ಎಣಿಸಿದಳು. ಡಾಕ್ಟರ ಅಂಗೈ ಬೆನ್ನಿನ ಮೇಲೆ ನಿಧಾನವಾಗಿ ಸರಿಯಿತು. ಎಡಕ್ಕೆ, ಬಲಕ್ಕೆ, ಕೆಳಗೆ. ಬಾಗಿಲಿನಲ್ಲಿ ಯಾರಿದ್ದಾರೆ ಎಂದು ಕತ್ತಲಲ್ಲಿ ತಡವಿ ನೋಡುವವರ ಕೈ ಅದು. ಆ ಕೈಗೆ ಗಿಣಿ ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟಳು.

ಕೈಗೆ ಕೊಟ್ಟಳು. ಕಿವಿಗೆ ಕೊಡಲಿಲ್ಲ.

ಬಂದಾಗಿನಿಂದ ಈ ಕೋಣೆ ಅವಳಿಗೆ ಚುಚ್ಚುತ್ತಿತ್ತು. ರೋಗಿಯ ಕುರ್ಚಿಯನ್ನು ಕಿಟಕಿಗೆ ಎದುರಾಗಿ, ಬೆಳಕೆಲ್ಲ ಮುಖದ ಮೇಲೆ ಬೀಳುವ ಹಾಗೆ ನೆಲಕ್ಕೆ ಬಿಗಿದಿದ್ದರು. ಬಾಗಿಲ ಮೇಲೆ 'ಒಳಗೆ ಬಂದ ಮೇಲೆ ಮಾಸ್ಕ್ ತೆಗೆಯಿರಿ' ಎಂಬ ಬೋರ್ಡು. ಉಳಿದ ಕ್ಲಿನಿಕ್ಕುಗಳಲ್ಲಿ ಹಾಕಿಕೊಳ್ಳಿ ಅಂತಾರೆ, ಇಲ್ಲಿ ಬಿಚ್ಚಿ ಅಂತಾರೆ. ಡಾಕ್ಟರ ಮೇಜಿನ ಮೇಲೆ ಪೇಪರ್‌ವೇಟ್ ಇತ್ತು, ಪೆನ್ನಿತ್ತು, ಟಾರ್ಚಿತ್ತು. ಫೋನ್ ಇರಲಿಲ್ಲ.

ಡಾಕ್ಟರು ಗೋಡೆಯ ಗುಂಡಿ ಒತ್ತಿದರು. ಪಕ್ಕದ ಕೋಣೆಯಿಂದ ಸೊಸೆ ಡಾಕ್ಟರು ಬಂದರು. ಚುರುಕು ಹೆಂಗಸು, ಮುಡಿ ಬಿಗಿಯಾಗಿ ಕಟ್ಟಿದ್ದರು.

"ನಮ್ಮಲ್ಲಿ ಎರಡನೇ ಕಿವಿ ಅಂತ ಒಂದು ಪದ್ಧತಿ ಇದೆಯಮ್ಮ," ಎಂದರು ದೊಡ್ಡ ಡಾಕ್ಟರು. "ಎದೆ ವಿಷಯ ಬಂದ್ರೆ ನಾವಿಬ್ಬರೂ ನೋಡ್ತೀವಿ. ಒಬ್ಬರು ತಪ್ಪಿದ್ರೆ ಇನ್ನೊಬ್ಬರಿಗೆ ಸಿಗುತ್ತೆ."

ಇಡೀ ಬೀದಿ ಕೊಂಡಾಡುತ್ತಿದ್ದುದೇ ಇದನ್ನು. ಒಂದು ಫೀಸು, ಎರಡು ಜೊತೆ ಕಿವಿ.

ಸೊಸೆ ಗಿಣಿಯ ಬೆನ್ನ ಹಿಂದೆ ನಿಂತು ಸ್ಟೆತಾಸ್ಕೋಪ್ ಇಟ್ಟರು. "ಉಸಿರಾಡಿ."

ಗಿಣಿ ಉಸಿರಾಡಲಿಲ್ಲ.

ರಂಗದ ಮೇಲೆ ಅವಳು ಹೆಣದ ಪಾತ್ರ ಮಾಡಿದವಳು. ಉಸಿರಿದ್ದೂ ಇಲ್ಲದ ಹಾಗೆ ಮಲಗುವುದು ಅದರ ವಿದ್ಯೆ. ಈಗ ಅದನ್ನೇ ತಿರುಗಿಸಿದಳು. ಉಸಿರು ಪೂರ್ತಿ ಬಿಗಿಹಿಡಿದು ಭುಜಗಳನ್ನು ಮಾತ್ರ ಏರಿಳಿಸಿದಳು. ನೋಡುವವರಿಗೆ ಉಸಿರಾಟ, ಕೇಳುವವರಿಗೆ ಖಾಲಿ ಮನೆ.

ಸ್ಟೆತಾಸ್ಕೋಪ್ ಬೆನ್ನಿನ ತುಂಬ ಓಡಾಡಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಹಿಂದಿರುಗಿ ಬರಲಿಲ್ಲ.

ಎದುರಿಗೆ ಔಷಧದ ಗಾಜಿನ ಬೀರು. ಅದರಲ್ಲಿ ಸೊಸೆಯ ಕೈ ಕಂಡಿತು. ರೋಗಿಯ ತಲೆಯ ಮೇಲಿನಿಂದ ಮಾವನಿಗೆ ತೋರುವಂತೆ ಹೆಬ್ಬೆರಳು ಮತ್ತು ತೋರುಬೆರಳು ಸೇರಿ ಒಂದು ಬಳೆಯಾಯಿತು. ಸ್ವಚ್ಛ. ಎರಡೂ ಕಡೆ ಸ್ವಚ್ಛ.

ಉಸಿರೇ ಇಲ್ಲದ ಎದೆ ಸ್ವಚ್ಛ. ಸ್ಮಶಾನದಲ್ಲಿ ಕ್ಲಿನಿಕ್ ಇಟ್ಟರೂ ಇಬ್ಬರಿಗೂ ಒಳ್ಳೆ ಹೆಸರು ಬರುತ್ತೆ, ಅಂದುಕೊಂಡಳು ಗಿಣಿ, ಸದ್ದಾಗದ ಹಾಗೆ ಉಸಿರು ಬಿಡುತ್ತ.

"ಏನೂ ಇಲ್ಲಮ್ಮ. ಎದೆ ಸ್ವಚ್ಛವಾಗಿದೆ. ಮಾತ್ರೆ ಬರ್ಕೊಡ್ತೀನಿ," ಎಂದರು ದೊಡ್ಡ ಡಾಕ್ಟರು, ಎದುರಿನ ಕುರ್ಚಿಗೆ ಬಂದು ಕೂರುತ್ತ. ಸೊಸೆ ಮೂಲೆಯ ಬೇಸಿನ್ನಿನಲ್ಲಿ ಕೈ ತೊಳೆಯಲು ಬೆನ್ನು ತಿರುಗಿಸಿದರು.

ಗಿಣಿ ದೊಡ್ಡ ಡಾಕ್ಟರ ಮುಖಕ್ಕೆ ಮುಖ ಕೊಟ್ಟಳು. ತುಟಿ ಆಡಿಸಿದಳು. ದನಿ ಮಾತ್ರ ಗಂಟಲಿನಲ್ಲೇ ಇಟ್ಟುಕೊಂಡಳು, ಒಂದು ಎಳೆಯನ್ನೂ ಹೊರಗೆ ಬಿಡಲಿಲ್ಲ.

ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ?

"ಊಟ ಆದ್ಮೇಲೆ," ಎಂದರು ದೊಡ್ಡ ಡಾಕ್ಟರು.

ಬೇಸಿನ್ನಿನ ಹತ್ತಿರ ನೀರು ನಿಂತಿತು. ಸೊಸೆ ಒದ್ದೆ ಕೈಯಲ್ಲೇ ತಿರುಗಿದರು.

"ಮಾವ? ಯಾರಿಗೆ ಹೇಳಿದ್ರಿ?"

ಮಾವ ತಿರುಗಲಿಲ್ಲ. ಅವರ ಕಣ್ಣು ಗಿಣಿಯ ತುಟಿಯ ಮೇಲಿತ್ತು.

ತುಟಿ ಮತ್ತೆ ಆಡಿತು. ದನಿಯಿಲ್ಲದೆ. ಡಾಕ್ಟ್ರೇ, ನಿಮಗೆ ಕಿವಿ ಕೇಳಲ್ಲ ಅಂತ ನಿಮ್ಮ ಸೊಸೆಗೆ ಗೊತ್ತಾ?

ದೊಡ್ಡ ಡಾಕ್ಟರ ಕೈಯಿಂದ ಪೆನ್ನು ಜಾರಿ ಮೇಜಿನ ಮೇಲೆ ಉರುಳಿತು. ಉರುಳಿ ನೆಲಕ್ಕೆ ಬಿತ್ತು. ಬಿದ್ದ ಸದ್ದಿಗೆ ಸೊಸೆ ಆ ಕಡೆ ನೋಡಿದರು. ಮಾವ ನೋಡಲಿಲ್ಲ.

ಗಿಣಿ ಇಲಾಖೆಯ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಈಗ ದನಿಯನ್ನು ಬಿಟ್ಟಳು, ಅವಳ ಸ್ವಂತದ್ದನ್ನೇ.

"ಬಾಗಿಲು ಹಾಕಿ ಡಾಕ್ಟರಮ್ಮ. ರೋಗಿ ವೇಷ ಮುಗೀತು. ಡ್ರೈವರ್ ದೂರಿನ ವಿಷಯಕ್ಕೆ ಬಂದಿದ್ದೀನಿ. ನಿಮ್ಮ ಮಾವನಿಗೆ ಕಿವಿ ಕೇಳಲ್ಲ."

ಸೊಸೆ ಬಾಗಿಲು ಹಾಕಿದರು. ಹಾಕಿ ಅದಕ್ಕೇ ಒರಗಿ ನಿಂತರು. "ಕಿವಿ ಕೇಳಲ್ಲ ಅಂದ್ರೆ ಏನರ್ಥ? ಮಾವ ದಿನಾ ನೂರು ಜನರ ಎದೆ ನೋಡ್ತಾರೆ."

"ನೋಡ್ತಾರೆ. ನೀವೇ ಸರಿಯಾಗಿ ಹೇಳಿದ್ರಿ." ಗಿಣಿ ಕೈಚಾಚಿ ದೊಡ್ಡ ಡಾಕ್ಟರ ತೋಳು ಮುಟ್ಟಿ ತನ್ನ ಕಡೆ ತಿರುಗಿಸಿದಳು. "ಯಾವಾಗಿಂದ?"

ಮುದುಕರು ಸ್ಟೆತಾಸ್ಕೋಪನ್ನು ಕತ್ತಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇವಳು ನಮ್ಮನೆಗೆ ಬರೋ ಹೊತ್ತಿಗೇ ಕಮ್ಮಿ ಆಗಿತ್ತು. ಆಮೇಲೆ ನಿಂತೇ ಹೋಯ್ತು. ಒಂದಿನ ಬೆಳಿಗ್ಗೆ ಎದ್ದರೆ ಗಡಿಯಾರದ ಸದ್ದೂ ಇಲ್ಲ, ಗುಬ್ಬಿ ಸದ್ದೂ ಇಲ್ಲ. ಎಲ್ಲಾ ಸಿನಿಮಾ, ಸೌಂಡ್ ಇಲ್ಲ."

"ಕಿವಿಗೆ ಯಂತ್ರ ಹಾಕ್ಕೋಬಹುದಿತ್ತು."

"ಹಾಕ್ಕೊಂಡು ನೋಡಿದೆ. ಗಲಾಟೆ ಕೇಳುತ್ತೆ, ಮಾತು ಕೇಳಲ್ಲ. ಅಲ್ಲದೆ ಕಿವೀಲಿ ಯಂತ್ರ ಇಟ್ಕೊಂಡಿರೋ ಡಾಕ್ಟರ ಹತ್ರ ಎದೆ ತೋರಿಸೋಕೆ ಯಾರು ಬರ್ತಾರೆ?"

"ಬಾರದೆ ಇದ್ದಿದ್ರೆ ಒಬ್ಬಳು ಇವತ್ತು ಮನೇಲಿರ್ತಿದ್ದಳು."

ಅವರು ತಲೆ ತಗ್ಗಿಸಿದರು. ತಗ್ಗಿಸಿದ್ದಕ್ಕೆ ಸೊಸೆ ಹೇಳಿದ್ದು ಅವರಿಗೆ ಕಾಣಿಸಲಿಲ್ಲ.

"ಮನೇಲಿ ಕರೆದ್ರೆ ತಿರುಗಿ ನೋಡ್ತಿರಲಿಲ್ಲ," ಎನ್ನುತ್ತಿದ್ದರು ಸೊಸೆ, ಯಾರಿಗೋ ಹೇಳುವವರ ಹಾಗೆ. "ಏನು ಕೇಳಿದ್ರೂ ಅತ್ತೇನೇ ಅಡ್ಡ ಬಂದು ಉತ್ತರ ಕೊಡ್ತಿದ್ರು. ಪೇಪರ್ ಮುಖಕ್ಕೆ ಹಿಡಿದ್ರೆ ಇವರ ಲೋಕವೇ ಬೇರೆ. ನನ್ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ. ಮದುವೆ ಆದಾಗಿಂದ ಹಾಗೇ ಅಂದ್ಕೊಂಡಿದ್ದೀನಿ."

ಗಿಣಿಗೆ ಇಬ್ಬರ ಮೇಲೂ ಮರುಕ ಹುಟ್ಟಿತು. ಅವಳ ವೃತ್ತಿಯಲ್ಲಿ ಅದು ಅಪರೂಪದ ಕಾಯಿಲೆ.

ಆದರೆ ಕರಗಲು ಬಂದವಳಲ್ಲ ಅವಳು. "ಆ ಕಥೆ ಆಮೇಲೆ ಕೂತು ಮುಗಿಸಿಕೊಳ್ಳಿ. ನಿಮ್ಮ ಕಿವಿ ಚೆನ್ನಾಗಿದೆಯಲ್ಲ ಡಾಕ್ಟರಮ್ಮ? ಪೆನ್ನು ಬಿದ್ದಿದ್ದು ಕೇಳಿಸ್ತು. ಹಾಗಿದ್ರೆ ನಾನು ಉಸಿರೇ ಆಡದೆ ಕೂತಿದ್ದಾಗ ಯಾವ ಲೆಕ್ಕದಲ್ಲಿ ಬೆರಳು ಸೇರಿಸಿ ಸ್ವಚ್ಛ ಅಂದ್ರಿ?"

ಸೊಸೆಯ ಮುಖ ಕೆಂಪಾಯಿತು, ಬಿಳುಪಾಯಿತು.

"ನೀವು... ಉಸಿರು..."

"ಒಂದು ತೊಟ್ಟೂ ಇಲ್ಲ. ಗಾಜಿನಲ್ಲಿ ನಿಮ್ಮ ಬೆರಳು ನೋಡಿದೆ. ಕೇಳಿಸಿಕೊಳ್ತಿದ್ರಾ, ಇಲ್ವಾ?"

"ಕೇಳಿಸಿಕೊಳ್ತಿರಲಿಲ್ಲ."

ನೆಲ ನೋಡಿಕೊಂಡು ಹೇಳಿದ್ದಲ್ಲ ಅದು. ಗಿಣಿಯನ್ನು ನೇರ ನೋಡಿ ಹೇಳಿದ್ದು.

"ಮಾವ ಕೇಳಿದ ಎದೆನ ನಾನು ಮತ್ತೆ ಕೇಳೋದು ಅಂದ್ರೆ ಅವರ ತಪ್ಪು ಹುಡುಕಿದ ಹಾಗಲ್ವಾ? ಬಂದ ಹೊಸದರಲ್ಲಿ ಒಬ್ಬರ ಎದೆ ನೋಡಿ 'ಇಲ್ಲ ಮಾವ, ಇಲ್ಲಿ ಏನೋ ಇದೆ' ಅಂದೆ. ಮುಖ ಗಂಟು ಹಾಕ್ಕೊಂಡ್ರು. ಎಷ್ಟು ಹೊತ್ತಾದ್ರೂ ಗಂಟು ಬಿಚ್ಚಲಿಲ್ಲ. ಆವತ್ತೇ ತಿಳ್ಕೊಂಡೆ, ಇದು ರೋಗಿಗಳ ಸಮಾಧಾನಕ್ಕೆ ಇಟ್ಟಿರೋ ಶಾಸ್ತ್ರ ಅಂತ. ಅವರು ಕೇಳಿದ್ದಾರೆ, ನಾನು ಹ್ಞೂಂ ಅಂದ್ರೆ ಸಾಕು ಅಂತ. ಅವರ ಮುಖ ನೋಡ್ತೀನಿ. ಚಿಂತೆ ಇಲ್ಲದಿದ್ರೆ ಬೆರಳು ಸೇರಿಸ್ತೀನಿ."

ಗಿಣಿ ಇದನ್ನು ಒಂದೊಂದೇ ಮಾತು ಬಿಡಿಸಿ, ದೊಡ್ಡ ಡಾಕ್ಟರ ಕಣ್ಣೆದುರು ಮತ್ತೆ ಆಡಿ ತೋರಿಸಿದಳು. ಸೊಸೆಯ ದನಿಯಲ್ಲೇ, ಕುತ್ತಿಗೆಯ ಅದೇ ಓಲಾಟದಲ್ಲಿ. ಬೇಕೆಂದು ಅಣಕಿಸಿದ್ದಲ್ಲ, ಬಾಯಿ ಅವಳ ಮಾತು ಕೇಳುವುದಿಲ್ಲ.

ಮುದುಕರು ಕೊನೆಯವರೆಗೂ ಓದಿದರು. ಓದಿ ಸೊಸೆಯ ಕಡೆ ನೋಡಿದರು.

"ಮುಖ ಗಂಟು ಹಾಕ್ಕೊಂಡಿದ್ದು ಕೋಪಕ್ಕಲ್ಲಮ್ಮ," ಎಂದರು. "ಏನು ಹೇಳ್ತಿದ್ದೀಯ ಅಂತ ತಿಳೀಲಿಲ್ಲ. ನೀನು ಬೇಗ ಬೇಗ ಮಾತಾಡ್ತೀಯ. ತುಟಿ ಹಿಡಿಯೋಕೆ ಆಗ್ಲಿಲ್ಲ."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡರು.

"ಡ್ರೈವರನ ಹೆಂಡತಿ ಬಂದಾಗ ನಿಮ್ಮ ಮುಖದಲ್ಲಿ ಚಿಂತೆ ಇರಲಿಲ್ವಾ?" ಗಿಣಿ ಮುದುಕರ ಕಣ್ಣೆದುರಿಗೆ ಬಂದು ಕೇಳಿದಳು.

"ಇತ್ತು. ಬೆನ್ನ ಮೇಲೆ ಕೈಯಿಟ್ಟು ಎಣಿಸು ಅಂದೆ. ಎಡಗಡೆ ದನಿ ಅಂಗೈಗೆ ಬಂದು ನಡುಗ್ತು. ಬಲಗಡೆ ಕೆಳಗೆ ಬರಲೇ ಇಲ್ಲ. ಮಧ್ಯೆ ನೀರಿದ್ರೆ ಹಾಗಾಗುತ್ತೆ. ಕೈ ಹೇಳ್ತು, ಇದೆ ಅಂತ." ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು. "ಹುಬ್ಬು ಗಂಟಿಕ್ಕಿ ಇವಳ ಕಡೆ ನೋಡಿದೆ. ಬೆರಳು ಸೇರಿಸಿದಳು. ಮತ್ತೆ ನೋಡಿದೆ. ಮತ್ತೆ ಸೇರಿಸಿದಳು. ವಯಸ್ಸಾದ ಕೈ, ಎಳೇ ಕಿವಿ. ಯಾವುದನ್ನ ನಂಬಲಿ? ಕಿವಿ ನಂಬಿದೆ."

"ಹುಬ್ಬು ಗಂಟಿಕ್ಕಿದ್ದು ನನ್ನ ಮೇಲಿನ ಅಸಮಾಧಾನ ಅಂದ್ಕೊಂಡೆ," ಎಂದರು ಸೊಸೆ. "ಬೇಗ ಮುಗಿಸು ಅಂತ."

ಮಾವ ಸೊಸೆಯನ್ನು ನಂಬಿದರು. ಸೊಸೆ ಮಾವನನ್ನು ನಂಬಿದರು. ಇಷ್ಟು ನಂಬಿಕೆಯ ಮಧ್ಯೆ ರೋಗಿಯ ಎದೆಯನ್ನು ಯಾರೂ ಕೇಳಲೇ ಇಲ್ಲ. ಬೀದಿಯೆಲ್ಲ ಹಾಡಿ ಹೊಗಳುವ ಎರಡನೇ ಕಿವಿ ಅಂದರೆ ಇದು. ಮೊದಲನೆಯದೇ ಇರಲಿಲ್ಲ.

"ನನ್ನ ಹೆಸರು ಬರ್ಕೊಳ್ಳಿ," ಎಂದರು ದೊಡ್ಡ ಡಾಕ್ಟರು.

"ಅವರದಲ್ಲ. ನನ್ನದು," ಎಂದರು ಸೊಸೆ.

"ಇದೇನು ಬಸ್ಸಿನ ಸೀಟಾ, ನೀವು ಕೂತ್ಕೊಳ್ಳಿ ನೀವು ಕೂತ್ಕೊಳ್ಳಿ ಅನ್ನೋಕೆ?" ಗಿಣಿ ಎದ್ದು ನಿಂತಳು. "ಹೆಸರು ಬರೆಯೋದು ಸುಲಭ. ಅದಕ್ಕಿಂತ ಮುಂಚೆ ನನಗೊಂದು ಬೇಕು. ನಿಮ್ಮ ಕೈ ಇದೆ ಅಂದು, ಇವರ ಬೆರಳು ಇಲ್ಲ ಅಂದು, ಹಾಗೇ ಮನೆಗೆ ಕಳಿಸಿದವರು ಇನ್ಯಾರಾದ್ರೂ ಇದ್ದಾರಾ? ಯೋಚನೆ ಮಾಡಿ ಹೇಳಿ. ಅವರನ್ನ ಇವತ್ತೇ ವಾಪಸ್ ಕರೆಸಬೇಕು."

ದೊಡ್ಡ ಡಾಕ್ಟರು ಕಣ್ಣು ಮುಚ್ಚಿಕೊಂಡರು. ತೆರೆದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಒಬ್ಬ ಇದ್ದಾನೆ."

"ಯಾರು?"

"ಇವತ್ತು ಬೆಳಿಗ್ಗೆ ಬಂದಿದ್ದ. ಜಗಳಕ್ಕೇ ಬಂದಿದ್ದ. ಅಂಗಿ ಕಾಲರ್ ಹಿಡಿಯೋಕೆ ಬಂದವನಿಗೆ ಕೆಮ್ಮು ಬಂತು. ನಿಲ್ಲಲೇ ಇಲ್ಲ. ನೀರು ಕೊಟ್ಟು ಕೂರಿಸಿ, ಬಲವಂತ ಮಾಡಿ ಬೆನ್ನು ನೋಡಿದೆ. ಅದೇ ಜಾಗ. ಅವನ ಹೆಂಡತಿಗೆ ಇದ್ದ ಹಾಗೇ."

"ಡ್ರೈವರ್," ಎಂದರು ಸೊಸೆ. ಬಾಗಿಲಿಗೆ ಒರಗಿದ್ದವರು ನೆಟ್ಟಗೆ ನಿಂತರು. "ಅವನು ಬೈದಿದ್ದಕ್ಕೆ ಮಾವನ ಮುಖ ಬಾಡಿದೆ ಅಂದ್ಕೊಂಡು... ನಾನು ಬೆರಳು ಸೇರಿಸಿದೆ."

"ಕಳಿಸುವಾಗ ಏನಂದ್ರಿ?"

"ಏನೂ ಇಲ್ಲಪ್ಪ, ಡ್ಯೂಟಿಗೆ ಹೋಗು ಅಂದೆ," ಎಂದರು ಮುದುಕರು.

ಡ್ಯೂಟಿ. ಗಿಣಿ ಕಿಟಕಿಯ ಕಡೆ ನೋಡಿದಳು. ಬಿಸಿಲು ಓರೆಯಾಗಿತ್ತು. ಶಾಲೆ ಬಿಡುವ ಹೊತ್ತು. ಒಂದು ಬಸ್ಸಿನ ತುಂಬ ಮಕ್ಕಳು, ಮುಂದೆ ಚಕ್ರ ಹಿಡಿದು ಕೂತ ಅರ್ಧ ಎದೆಯ ಮನುಷ್ಯ. ಇಳಿಜಾರಿನಲ್ಲಿ ಒಮ್ಮೆ ಆ ಕೆಮ್ಮು ಹಿಡಿದುಕೊಂಡರೆ ಬ್ರೇಕಿನ ಮೇಲೆ ಕಾಲಿರುತ್ತೋ ಇಲ್ಲವೋ. ಆ ಮನೆಯಲ್ಲಿ ಹೆಂಡತಿಯಿಂದ ಗಂಡನಿಗೆ ದಾಟಿದ್ದು ಏನೇ ಇರಲಿ, ಮುಚ್ಚಿದ ಬಸ್ಸಿನಲ್ಲಿ ಮಕ್ಕಳಿಗೆ ದಾಟಲು ಅದಕ್ಕೆ ಟಿಕೇಟು ಬೇಕಿರಲಿಲ್ಲ.

ಡ್ರೈವರನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್.

ಶಾಲೆಯ ಆಫೀಸಿಗೆ ಹಚ್ಚಿದಳು. ಸ್ಪೀಕರಿನಲ್ಲಿ ಗುಮಾಸ್ತನ ದನಿ ಆಕಳಿಸುತ್ತ ಬಂತು. "ಬಸ್ ಡ್ರೈವರ್ ವಿಷಯ ಫೋನಲ್ಲಿ ಹೇಳೋ ಹಾಗಿಲ್ಲಮ್ಮ. ಮಕ್ಕಳ ಭದ್ರತೆ. ನಾಳೆ ಬಂದು ಅರ್ಜಿ ಕೊಡಿ."

"ಭದ್ರತೆಗೇ ಕೇಳ್ತಿರೋದು. ನಾನು ಆರೋಗ್ಯ ಇಲಾಖೆಯವಳು."

"ಎಲ್ಲರೂ ಹಾಗೇ ಹೇಳ್ತಾರಮ್ಮ." ಟಕ್ ಎಂದಿತು.

ಸೊಸೆ ಕಾರಿನ ಕೀ ಹುಡುಕುತ್ತಿದ್ದರು. "ಶಾಲೆಗೇ ಹೋಗೋಣ, ನಡೀರಿ."

"ನಾವು ಹೋಗೋ ಹೊತ್ತಿಗೆ ಬಸ್ಸು ಹೊರಟಿರುತ್ತೆ. ಯಾವ ದಾರಿ ಅಂತ ಮೊದಲು ಗೊತ್ತಾಗ್ಬೇಕು." ಗಿಣಿ ಕಣ್ಣು ಮುಚ್ಚಿ, ಗದ್ದವನ್ನು ಎದೆಗೆ ಒತ್ತಿ, ಹೊಟ್ಟೆಯನ್ನು ಸ್ವಲ್ಪ ಮುಂದಕ್ಕೆ ಬಿಟ್ಟಳು. ಹೆಣ್ಣು ದನಿಗೆ ಆಕಳಿಸುವವರು ಗಂಡು ದನಿಗೆ ಎದ್ದು ನಿಲ್ಲುತ್ತಾರೆ. ಯಾರ ದನಿ ಎಂದು ಯೋಚಿಸಬೇಕಾಗಲಿಲ್ಲ. ಬೆಳಿಗ್ಗೆಯಷ್ಟೇ ಕಿವಿ ತುಂಬ ಕೇಳಿದ್ದಿತ್ತು.

ಮತ್ತೆ ಅದೇ ನಂಬರು.

"ಹ್ಞೂಂ, ಹ್ಞೂಂ," ಎಂದಳು. ಷರಾ ಸಾಹೇಬರೇ ಕೋಣೆಗೆ ಇಳಿದರು. ಮೂಗಿನಲ್ಲಿ ಶುರುವಾಗಿ ಹೊಟ್ಟೆಯಲ್ಲಿ ಮುಗಿಯುವ ದನಿ, ಪ್ರತಿ ಪದಕ್ಕೂ ಒಂದು ಸೀಲು ಹೊಡೆದ ಹಾಗೆ. "ಆರೋಗ್ಯ. ಇಲಾಖೆಯಿಂದ. ಮಾತಾಡ್ತಿರೋದು."

ಸೊಸೆ ಬೆಚ್ಚಿ ಯಾರು ಒಳಗೆ ಬಂದರೆಂದು ಬಾಗಿಲು ನೋಡಿದರು. ದೊಡ್ಡ ಡಾಕ್ಟರು ಕಣ್ಣು ಕಿರಿದು ಮಾಡಿ ಗಿಣಿಯ ತುಟಿಯನ್ನೇ ನೋಡಿದರು. ಅಲ್ಲೂ ಬೇರೆ ಯಾರೋ ಕೂತಿದ್ದರು.

ಆ ಕಡೆ ಕುರ್ಚಿ ಸರಿದ ಸದ್ದು. ಆಕಳಿಕೆ ಎಲ್ಲಿ ಹೋಯಿತೋ. "ಸಾರ್, ನಮಸ್ಕಾರ ಸಾರ್. ಹೇಳಿ ಸಾರ್."

"ನಿಮ್ಮ ಬಸ್. ಡ್ರೈವರ್. ಈಗ ಯಾವ ದಾರೀಲಿ ಇದ್ದಾನೆ?"

"ಅವನು ಬಸ್ಸಲ್ಲಿಲ್ಲ ಸಾರ್. ಇವತ್ತು ಬೇರೆಯವರು ಓಡಿಸ್ತಿದ್ದಾರೆ."

ಸೊಸೆ ಕಾರಿನ ಕೀಯನ್ನು ಎದೆಗೆ ಒತ್ತಿಕೊಂಡು ಉಸಿರು ಬಿಟ್ಟರು. ಮಕ್ಕಳಿಗೆ ಸದ್ಯಕ್ಕೆ ಅಪಾಯವಿಲ್ಲ. ಗಿಣಿ ಬಿಡಲಿಲ್ಲ. "ಹ್ಞೂಂ. ಮತ್ತೆ ಅವನೆಲ್ಲಿ?"

ಗುಮಾಸ್ತ ಸಣ್ಣಗೆ, ಹೆದರಿಕೊಂಡೇ ನಕ್ಕ.

"ಪರೀಕ್ಷೆ ಮಾಡ್ತಿದ್ದೀರಾ ಸಾರ್? ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಸಾರ್. ಈಗ ತಾನೇ ಒಬ್ಬಳು ಇಲಾಖೆ ಹೆಸರು ಹೇಳ್ಕೊಂಡು ಕೇಳಿದಳು, ಅವಳಿಗೂ ಹೇಳಲಿಲ್ಲ. ಮಧ್ಯಾಹ್ನ ತಾವು ಫೋನ್ ಮಾಡಿದಾಗ ಹೇಳಿದ ಹಾಗೇ ಮಾಡಿದೆ. ಅವನನ್ನ ಬಸ್ಸಿಂದ ಇಳಿಸಿದೆ, ಫೋನ್ ಇಸ್ಕೊಂಡು ಆಫ್ ಮಾಡಿದೆ, ತಾವು ಕಳಿಸಿದ ಕಾರಿಗೆ ಹತ್ತಿಸಿದೆ."

ಗುಮಾಸ್ತ ಷರಾ ಸಾಹೇಬರ ದನಿಯನ್ನು ಗುರುತು ಹಿಡಿದಿದ್ದ.

ದನಿ ಅವಳದಲ್ಲ. ಆದರೆ ಅದರ ಯಜಮಾನರು ಅವಳಿಗಿಂತ ಮುಂಚೆ ಇದೇ ನಂಬರಿಗೆ, ಇದೇ ಮನುಷ್ಯನಿಗೆ, ಇದೇ ಡ್ರೈವರನ ಬಗ್ಗೆ ಫೋನ್ ಮಾಡಿದ್ದರು. ಸಂಜೆಯೊಳಗೆ ಒಂದೇ ಹೆಸರು ಬೇಕೆಂದವರು, ದೂರು ಕೊಟ್ಟವನನ್ನೇ ಅವಳಿಗೆ ಹೇಳದೆ ಎತ್ತಿಸಿಕೊಂಡು ಹೋಗಿದ್ದರು.

ಗಿಣಿ ಗದ್ದವನ್ನು ಇನ್ನಷ್ಟು ಎದೆಗೆ ಒತ್ತಿಕೊಂಡು, ಹೊಟ್ಟೆಯಿಂದ ಷರಾ ಸಾಹೇಬರನ್ನು ಮತ್ತೆ ಮೇಲಕ್ಕೆ ಎಳೆದಳು.

"ಹ್ಞೂಂ, ಹ್ಞೂಂ. ಗೊತ್ತು. ನೀವು. ಸರಿಯಾಗಿ ಕೇಳಿಸ್ಕೊಂಡ್ರೋ ಇಲ್ವೋ ಅಂತ ನೋಡ್ಬೇಕು. ಹೇಳಿ ನೋಡೋಣ, ಅವನನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ ನಾನು?"